ನಡುಕಕ್ಕೊಂದು ಮಾತ್ರೆ, ಮರೆವಿಗೊಂದು ಮಾತ್ರೆ

ಪಾರ್ಕಿನ್ಸನ್ ಕಾಯಿಲೆಯ ಜೊತೆಗೆ, ನೆನಪು ಮತ್ತು ಯೋಚನೆಯ ಶಕ್ತಿ ಕುಂದುವ ಡಿಮೆನ್ಷಿಯಾ ಕೂಡ ಇರುವ ಹಿರಿಯರ ಔಷಧ ಚೀಟಿಗಳನ್ನು ಪರಿಶೀಲಿಸುವುದು ಔಷಧತಜ್ಞನಾಗಿ ನನ್ನ ಕೆಲಸದ ಒಂದು ಭಾಗ. ಅಂಥ ಚೀಟಿಯಲ್ಲಿ ಎಂಟು ಹತ್ತು ಹೆಸರುಗಳಿರುವುದು ಸಾಮಾನ್ಯ: ಕೆಲವು ನಡುಕ ಮತ್ತು ಬಿಗಿತಕ್ಕೆ, ಒಂದೆರಡು ಮರೆವಿಗೆ, ಉಳಿದವು ನಿದ್ದೆಗೆ, ಮೂತ್ರದ ತೊಂದರೆಗೆ, ತಲೆಸುತ್ತಿಗೆ, ಹೊಟ್ಟೆಗೆ. ಹೊಸ ಔಷಧವೇನಾದರೂ ಬಂದಿದೆಯೇ ಎಂದು ಮನೆಯವರು ಕೇಳುತ್ತಾರೆ. ನಾನು ಮೊದಲು ಹುಡುಕುವುದು ಇರುವುದರಲ್ಲಿ ಯಾವುದನ್ನು ಬಿಡಬಹುದು ಎಂಬುದನ್ನು. ಈ ಎರಡು ಕಾಯಿಲೆಗಳು ಒಂದೇ ಮಿದುಳಿನಲ್ಲಿ ಸೇರಿಕೊಂಡಾಗ ಒಂದಕ್ಕೆ ಕೊಟ್ಟ ಔಷಧ ಇನ್ನೊಂದನ್ನು ಕೆಡಿಸುವ ಸಾಧ್ಯತೆ ಸದಾ ಇರುತ್ತದೆ, ಆದ್ದರಿಂದ ಇಲ್ಲಿ ಸೇರಿಸುವ ವಿದ್ಯೆಗಿಂತ ಕಳೆಯುವ ವಿದ್ಯೆಗೆ ಹೆಚ್ಚು ಬೆಲೆಯಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಹಾಗೆ ಹಠಾತ್ತನೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನೂ ಮುಂದೆ ಹೇಳಲಿದ್ದೇನೆ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಕಾಂಡದ ಮೇಲ್ಭಾಗದಲ್ಲಿರುವ ಕಪ್ಪು ಬಣ್ಣದ ಒಂದು ಸಣ್ಣ ಪ್ರದೇಶದ ನರಕೋಶಗಳು ನಶಿಸುತ್ತವೆ. ಆ ಕೋಶಗಳು ತಯಾರಿಸುವ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದಂತೆ ಚಲನೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಹಲವರಲ್ಲಿ ಕೈ ನಡುಗುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಲಕ್ಷಣಗಳನ್ನು 1817ರಲ್ಲಿಯೇ ವಿವರಿಸಿದ್ದರೂ ಸರಿಯಾದ ಔಷಧಕ್ಕಾಗಿ ಒಂದೂವರೆ ಶತಮಾನ ಕಾಯಬೇಕಾಯಿತು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ 1957ರಲ್ಲಿ ಡೋಪಮೈನನ್ನು ಬರಿದುಮಾಡುವ ರೆಸರ್ಪಿನ್ ಕೊಟ್ಟು ನಿಶ್ಚಲವಾಗಿಸಿದ ಪ್ರಾಣಿಗಳಿಗೆ, ಡೋಪಮೈನ್ ತಯಾರಾಗುವ ಮೂಲವಸ್ತುವಾದ ಡೋಪಾ ಚುಚ್ಚಿದಾಗ ಅವು ಮತ್ತೆ ಓಡಾಡತೊಡಗಿದವು. ವಿಯೆನ್ನಾದಲ್ಲಿ ಓಲೆ ಹೊರ್ನಿಕಿಯೆವಿಚ್ 1960ರಲ್ಲಿ, ಪಾರ್ಕಿನ್ಸನ್‌ನಿಂದ ಸತ್ತವರ ಮಿದುಳಿನಲ್ಲಿ ಡೋಪಮೈನ್ ತೀರಾ ಕಡಿಮೆಯಾಗಿರುವುದನ್ನು ತೋರಿಸಿದರು. ಮರುವರ್ಷವೇ ಬಿರ್ಕ್‌ಮಾಯರ್ ಅವರೊಡನೆ ರೋಗಿಗಳಿಗೆ ರಕ್ತನಾಳದ ಮೂಲಕ ಡೋಪಾದ ಒಂದು ರೂಪವಾದ ಲೆವೊಡೋಪಾ ಕೊಟ್ಟ ಅನುಭವವನ್ನು ಪ್ರಕಟಿಸಿದರು. ಆದರೆ ಇದನ್ನು ದಿನನಿತ್ಯದ ಚಿಕಿತ್ಸೆಯಾಗಿಸಿದ ಕೀರ್ತಿ ಅಮೆರಿಕದ ಜಾರ್ಜ್ ಕೋಟ್ಸಿಯಾಸ್ ಅವರದು. 1967ರಲ್ಲಿ ಅವರು ಬಾಯಿಯ ಮೂಲಕ ಸಣ್ಣ ಪ್ರಮಾಣದಿಂದ ಆರಂಭಿಸಿ, ತಾಳ್ಮೆಯಿಂದ ಏರಿಸುತ್ತಾ ಹೋಗಿ ಫಲ ಕಂಡರು. ಮೆಲ್ಲಗೆ ಶುರುಮಾಡಿ ಮೆಲ್ಲಗೆ ಏರಿಸುವ ಆ ಕ್ರಮ ಈ ಚೀಟಿಯ ಬಹುಪಾಲು ಔಷಧಗಳಿಗೆ ಇಂದಿಗೂ ಅನ್ವಯಿಸುತ್ತದೆ.

ಡೋಪಮೈನನ್ನೇ ನುಂಗಿದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಅಲ್ಲಿ ಡೋಪಮೈನ್ ಆಗಿ ಬದಲಾಗುತ್ತದೆ. ತೊಂದರೆ ಏನೆಂದರೆ, ದಾರಿಯಲ್ಲಿ ಕರುಳು ಮತ್ತು ರಕ್ತದಲ್ಲಿಯೇ ಅದರ ಬಹುಪಾಲು ಡೋಪಮೈನ್ ಆಗಿಬಿಡುತ್ತದೆ. ಅದರಿಂದಲೇ ವಾಕರಿಕೆ ಮತ್ತು ರಕ್ತದೊತ್ತಡದ ಕುಸಿತ. ಇದನ್ನು ತಡೆಯಲು ಕಾರ್ಬಿಡೋಪಾ ಅಥವಾ ಬೆನ್ಸೆರಜೈಡ್ ಅನ್ನು ಅದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. ಕಾರ್ಬಿಡೋಪಾ ತಾನು ಮಿದುಳಿನೊಳಗೆ ಹೋಗದೆ ಹೊರಗಿನ ಪರಿವರ್ತನೆಯನ್ನಷ್ಟೇ ತಡೆಯುವುದರಿಂದ ಬೇಕಾಗುವ ಲೆವೊಡೋಪಾದ ಪ್ರಮಾಣ ಸುಮಾರು ಶೇ 75ರಷ್ಟು ಇಳಿಯುತ್ತದೆ. ಆದರೆ ಈ ತಡೆ ಪೂರ್ಣವಾಗಬೇಕಾದರೆ ದಿನಕ್ಕೆ 70ರಿಂದ 100 ಮಿಲಿಗ್ರಾಂ ಕಾರ್ಬಿಡೋಪಾ ಒಳಗೆ ಹೋಗಬೇಕು. ಹೊಸದಾಗಿ ಆರಂಭಿಸಿದವರಿಗೆ ವಾಂತಿ ಬಂದರೆ, ಔಷಧ ಒಗ್ಗುತ್ತಿಲ್ಲ ಎಂದು ತೀರ್ಮಾನಿಸುವ ಮೊದಲು ಕಾರ್ಬಿಡೋಪಾ ಸಾಕಷ್ಟು ಸಿಗುತ್ತಿದೆಯೇ ಎಂದು ಲೆಕ್ಕ ಹಾಕಬೇಕು. ಚಿಕ್ಕ ಲೆಕ್ಕವೇ, ಆದರೆ ಇದನ್ನು ಮಾಡದೆ ಲೆವೊಡೋಪಾವನ್ನೇ ಕೈಬಿಟ್ಟವರನ್ನು ನೋಡಿದ್ದೇನೆ.

ಕರುಳಿನಿಂದ ರಕ್ತಕ್ಕೆ ಮತ್ತು ರಕ್ತದಿಂದ ಮಿದುಳಿಗೆ ಲೆವೊಡೋಪಾವನ್ನು ಒಯ್ಯುವ ವಾಹಕಗಳನ್ನೇ ಆಹಾರದ ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳೂ ಬಳಸುತ್ತವೆ. ಆದ್ದರಿಂದ ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ತೆಗೆದುಕೊಂಡ ಮಾತ್ರೆ ಕೆಲವರಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆಯ ನಂತರ ತೆಗೆದುಕೊಳ್ಳಿ ಎನ್ನುವುದು ಈ ಕಾರಣಕ್ಕೆ. ಕಬ್ಬಿಣದ ಮಾತ್ರೆಯೂ ಲೆವೊಡೋಪಾವನ್ನು ಕಟ್ಟಿಹಾಕುತ್ತದೆ, ಆದ್ದರಿಂದ ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಬೇಕು. ಇನ್ನು ಮಲಬದ್ಧತೆ ಮತ್ತು ನಿಧಾನವಾಗಿ ಖಾಲಿಯಾಗುವ ಹೊಟ್ಟೆ ಈ ಕಾಯಿಲೆಯದೇ ಭಾಗಗಳು. ಮಾತ್ರೆ ಸಣ್ಣ ಕರುಳನ್ನು ತಲುಪದೆ ಹೊಟ್ಟೆಯಲ್ಲೇ ಕೂತಿದ್ದರೆ ಎಷ್ಟು ಪ್ರಮಾಣ ಕೊಟ್ಟರೂ ಪ್ರಯೋಜನವಿಲ್ಲ. ಮಲಬದ್ಧತೆಯ ಚಿಕಿತ್ಸೆ ನಡುಕದ ಚಿಕಿತ್ಸೆಯೂ ಹೌದು ಎಂದರೆ ಕೇಳುವವರಿಗೆ ವಿಚಿತ್ರವೆನಿಸುತ್ತದೆ, ಆದರೂ ಅದು ನಿಜ.

ಲೆವೊಡೋಪಾವನ್ನು ಎಷ್ಟು ತಡವಾಗಿ ಆರಂಭಿಸಿದರೆ ಅಷ್ಟು ಒಳ್ಳೆಯದು, ಬೇಗ ಆರಂಭಿಸಿದರೆ ಅದರ ಶಕ್ತಿ ಬೇಗ ಮುಗಿದುಹೋಗುತ್ತದೆ ಎಂಬ ನಂಬಿಕೆ ಬಹಳ ಬಲವಾಗಿದೆ. ನೆದರ್ಲೆಂಡ್ಸ್‌ನಲ್ಲಿ 445 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ ಒಂದು ಗುಂಪು ತಕ್ಷಣ, ಇನ್ನೊಂದು ಗುಂಪು 40 ವಾರ ತಡವಾಗಿ ಲೆವೊಡೋಪಾ ಆರಂಭಿಸಿತು. 80 ವಾರಗಳ ಕೊನೆಯಲ್ಲಿ ಎರಡು ಗುಂಪುಗಳ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಔಷಧ ಕಾಯಿಲೆಯ ಓಟವನ್ನು ತಗ್ಗಿಸುವುದಿಲ್ಲ, ಹಾಗೆಯೇ ಬೇಗ ಆರಂಭಿಸಿದ್ದಕ್ಕೆ ದಂಡವನ್ನೂ ವಸೂಲು ಮಾಡುವುದಿಲ್ಲ. ಗುಂಡಿ ಹಾಕಿಕೊಳ್ಳಲು, ಹಾಸಿಗೆಯಲ್ಲಿ ಮಗ್ಗುಲಾಗಲು ಕಷ್ಟಪಡುತ್ತಿರುವವರು ಮುಂದೆಂದೋ ಬೇಕಾದೀತೆಂದು ಇಂದು ಮಾತ್ರೆಯನ್ನು ಉಳಿತಾಯ ಮಾಡಬೇಕಾಗಿಲ್ಲ.

ವರ್ಷಗಳು ಕಳೆದಂತೆ ಬೇರೆ ತೊಡಕು ಬರುತ್ತದೆ. ಕಾರ್ಬಿಡೋಪಾ ಜೊತೆಗಿದ್ದರೂ ರಕ್ತದಲ್ಲಿ ಲೆವೊಡೋಪಾದ ಪ್ರಮಾಣ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಆರಂಭದಲ್ಲಿ ಉಳಿದ ನರಕೋಶಗಳು ಡೋಪಮೈನನ್ನು ಕೂಡಿಟ್ಟು ಬೇಕಾದಾಗ ಬಿಡುಗಡೆ ಮಾಡುವುದರಿಂದ ಈ ಏರಿಳಿತ ಗೊತ್ತಾಗುವುದಿಲ್ಲ. ಕೋಶಗಳು ಕಡಿಮೆಯಾದ ಮೇಲೆ ಪ್ರತಿ ಮಾತ್ರೆಯ ಏರಿಳಿತವೂ ದೇಹದಲ್ಲಿ ಕಾಣುತ್ತದೆ: ಮಾತ್ರೆ ಕೆಲಸ ಮಾಡುವಾಗ 'ಆನ್', ಇಳಿದಾಗ 'ಆಫ್', ಹೆಚ್ಚಾದಾಗ ತಡೆಯಲಾಗದ ತಿರುಚು ಚಲನೆಗಳು. ಆಗ ಮಾತ್ರೆಯ ಪ್ರಮಾಣವನ್ನು ಚಿಕ್ಕದು ಮಾಡಿ ಹೊತ್ತುಗಳನ್ನು ಹೆಚ್ಚಿಸುತ್ತಾರೆ, ಎಂಟಕಾಪೋನ್ ಅಥವಾ ಒಪಿಕಾಪೋನ್ ಸೇರಿಸಿ ಅದರ ಅವಧಿಯನ್ನು ಹಿಗ್ಗಿಸುತ್ತಾರೆ, ರಸಾಜಿಲಿನ್‌ನಂಥವನ್ನು ಕೊಟ್ಟು ಮಿದುಳಿನಲ್ಲಿ ಡೋಪಮೈನ್ ಒಡೆಯುವುದನ್ನು ನಿಧಾನಿಸುತ್ತಾರೆ, ಇಲ್ಲವೇ ತಿರುಚು ಚಲನೆಗಳನ್ನು ತಗ್ಗಿಸಲು ಅಮಾಂಟಡಿನ್ ಕೊಡುತ್ತಾರೆ. ಎಂಟಕಾಪೋನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಒಂದು ರಾತ್ರಿಯ ಗಾಬರಿ ತಪ್ಪುತ್ತದೆ.

ಡೋಪಮೈನ್ ಬಂದು ಕೂರುವ ಗ್ರಾಹಕಗಳನ್ನು ನೇರವಾಗಿ ಪ್ರಚೋದಿಸುವ ಪ್ರಾಮಿಪೆಕ್ಸೋಲ್, ರೊಪಿನಿರೋಲ್, ಚರ್ಮಕ್ಕೆ ಅಂಟಿಸುವ ರೊಟಿಗೊಟಿನ್ ಪ್ಯಾಚ್ ಇವುಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇವು ಕೆಲವರಲ್ಲಿ ಜೂಜಿನ ಗೀಳು, ಅತಿಯಾದ ಖರೀದಿ, ಮಿತಿಮೀರಿದ ಕಾಮಾಸಕ್ತಿ, ಅತಿಯಾಗಿ ತಿನ್ನುವ ಚಟವನ್ನು ಹುಟ್ಟಿಸುತ್ತವೆ. 3090 ರೋಗಿಗಳನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಗುಂಪಿನ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಸುಮಾರು ಶೇ 17ರಷ್ಟು ಜನರಲ್ಲಿ, ತೆಗೆದುಕೊಳ್ಳದವರಲ್ಲಿ ಸುಮಾರು ಶೇ 7ರಷ್ಟು ಜನರಲ್ಲಿ ಇಂಥ ವರ್ತನೆ ಕಂಡುಬಂದಿತ್ತು. ರೋಗಿ ನಾಚಿಕೆಯಿಂದ ಹೇಳುವುದಿಲ್ಲ, ಮನೆಯವರು ಇದಕ್ಕೂ ಮಾತ್ರೆಗೂ ಸಂಬಂಧವಿದೆಯೆಂದು ಊಹಿಸುವುದಿಲ್ಲ, ಸ್ವಭಾವವೇ ಕೆಟ್ಟಿತೆಂದು ನೊಂದುಕೊಳ್ಳುತ್ತಾರೆ. ಆರಂಭಿಸುವ ದಿನವೇ ಇಬ್ಬರಿಗೂ ಎದುರಿನಲ್ಲಿ ಹೇಳಿಬಿಡುವುದು ಒಂದೇ ದಾರಿ. ನೆನಪಿನ ಶಕ್ತಿ ಕುಂದುತ್ತಿರುವವರಿಗೆ ಈ ಗುಂಪು ಇನ್ನೂ ಕಷ್ಟ, ಏಕೆಂದರೆ ಲೆವೊಡೋಪಾಕ್ಕಿಂತ ಹೆಚ್ಚಾಗಿ ಇವು ಭ್ರಮೆ, ಗೊಂದಲ ಮತ್ತು ಹಗಲಿನ ತೂಕಡಿಕೆಯನ್ನು ತರುತ್ತವೆ.

ಮರೆವಿನ ಮಾತಿಗೆ ಬರುತ್ತೇನೆ. ಸಿಡ್ನಿಯಲ್ಲಿ ಹೊಸದಾಗಿ ಪಾರ್ಕಿನ್ಸನ್ ಪತ್ತೆಯಾದ 136 ಮಂದಿಯನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಅಷ್ಟು ಕಾಲ ಬದುಕುಳಿದವರಲ್ಲಿ ಶೇ 83ರಷ್ಟು ಜನರಿಗೆ ಡಿಮೆನ್ಷಿಯಾ ಬಂದಿತ್ತು. ಸಾಮಾನ್ಯವಾಗಿ ಅದು ಚಲನೆಯ ತೊಂದರೆ ಆರಂಭವಾಗಿ ಹಲವು ವರ್ಷಗಳ ನಂತರ ಬರುತ್ತದೆ. ಯೋಚನೆಯ ತೊಂದರೆ ಮೊದಲೇ ಬಂದಿದ್ದರೆ ಅಥವಾ ಚಲನೆಯ ತೊಂದರೆ ಶುರುವಾದ ಒಂದು ವರ್ಷದೊಳಗೆ ಬಂದರೆ ಅದನ್ನು ಲೂಯಿ ಕಾಯಗಳ ಡಿಮೆನ್ಷಿಯಾ ಎಂದು ಬೇರೆಯಾಗಿ ಹೆಸರಿಸುತ್ತಾರೆ. ನರಕೋಶಗಳೊಳಗೆ ಲೂಯಿ ಕಾಯಗಳಾಗಿ ಗಂಟುಕಟ್ಟುವ ಪ್ರೋಟೀನ್ ಎರಡರಲ್ಲೂ ಒಂದೇ, ಔಷಧದ ಲೆಕ್ಕದಲ್ಲಿಯೂ ಅವು ಬಹುಮಟ್ಟಿಗೆ ಒಂದೇ. ಇಲ್ಲಿ ಮರೆವಿಗಿಂತ ಮೊದಲು ಕಾಣುವುದು ಗಮನ ಚದುರುವುದು, ಯೋಜನೆ ಮಾಡಲಾಗದಿರುವುದು, ಒಂದು ದಿನ ಚೆನ್ನಾಗಿದ್ದು ಮರುದಿನ ಮಂಕಾಗಿರುವುದು, ಮತ್ತು ಇಲ್ಲದ ಮನುಷ್ಯರನ್ನೋ ಪ್ರಾಣಿಗಳನ್ನೋ ಕಾಣುವುದು.

ಈ ಸ್ಥಿತಿಯಲ್ಲಿ ಡೋಪಮೈನ್ ಮಾತ್ರವಲ್ಲದೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವೂ ತುಂಬ ಇಳಿದಿರುತ್ತದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಇಳಿಯುವುದಕ್ಕಿಂತಲೂ ಹೆಚ್ಚಾಗಿ ಇಳಿದಿರುವುದುಂಟು. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಈ ಮೂರೂ ಅಸಿಟೈಲ್‌ಕೋಲಿನ್ ಒಡೆಯುವುದನ್ನು ತಡೆದು ಅದು ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಪಾರ್ಕಿನ್ಸನ್ ಡಿಮೆನ್ಷಿಯಾಕ್ಕೆ ಹೆಚ್ಚು ಗಟ್ಟಿಯಾದ ಆಧಾರವಿರುವುದು ರಿವಾಸ್ಟಿಗ್ಮಿನ್‌ಗೆ. 541 ರೋಗಿಗಳ ಮೇಲೆ 24 ವಾರಗಳ ಕಾಲ ನಡೆದು 2004ರಲ್ಲಿ ಪ್ರಕಟವಾದ ಎಕ್ಸ್‌ಪ್ರೆಸ್ ಅಧ್ಯಯನದ ಆಧಾರದ ಮೇಲೆ 2006ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಈ ಬಳಕೆಯ ಅನುಮತಿ ನೀಡಿದರು.

ಆ ಅಧ್ಯಯನದ ಅಂಕಿಗಳನ್ನು ನಾನು ಮನೆಯವರಿಗೆ ಮುಚ್ಚಿಡದೆ ಹೇಳುತ್ತೇನೆ. ಎದ್ದುಕಾಣುವಷ್ಟು ಸುಧಾರಣೆ ಕಂಡವರು ಔಷಧದ ಗುಂಪಿನಲ್ಲಿ ಸುಮಾರು ಶೇ 20, ಹುಸಿಮಾತ್ರೆಯ ಗುಂಪಿನಲ್ಲಿ ಶೇ 14.5. ಅದೇ ಮಟ್ಟಿಗೆ ಸ್ಥಿತಿ ಕೆಟ್ಟವರು ಔಷಧದ ಗುಂಪಿನಲ್ಲಿ ಶೇ 13, ಹುಸಿಮಾತ್ರೆಯ ಗುಂಪಿನಲ್ಲಿ ಶೇ 23. ಮೊದಲ ಜೋಡಿಯನ್ನು ನೋಡಿದರೆ ನಿರಾಶೆಯಾಗುತ್ತದೆ, ಎರಡನೆಯದನ್ನು ನೋಡಿದರೆ ಔಷಧದ ಗುಣ ತಿಳಿಯುತ್ತದೆ: ಅದರ ಫಲ ಹೆಚ್ಚಾಗಿ ಕಾಣದ ಫಲ, ಆಗಬೇಕಾಗಿದ್ದ ಕುಸಿತ ಆಗದಿರುವುದು. ಹಾಗಾಗಿ ಮೂರು ತಿಂಗಳಾದ ಮೇಲೆ ನೆನಪು ವಾಪಸು ಬಂತೇ ಎಂದು ಕೇಳುವುದಕ್ಕಿಂತ, ಮಾತುಕತೆಯಲ್ಲಿ ಪಾಲ್ಗೊಳ್ಳುತ್ತಾರೆಯೇ, ಹಗಲಿನಲ್ಲಿ ಎಚ್ಚರವಾಗಿರುತ್ತಾರೆಯೇ, ಇಲ್ಲದವರನ್ನು ಕಾಣುವುದು ಕಡಿಮೆಯಾಗಿದೆಯೇ ಎಂದು ಕೇಳುವುದು ಸರಿಯಾದ ಅಳತೆ. ಲೂಯಿ ಕಾಯಗಳ ಡಿಮೆನ್ಷಿಯಾದಲ್ಲಿ ಈ ಗುಂಪಿನ ಔಷಧಗಳಿಗೆ ಕೆಲವರು ಆಲ್‌ಝೈಮರ್ ರೋಗಿಗಳಿಗಿಂತ ಚೆನ್ನಾಗಿ ಸ್ಪಂದಿಸುತ್ತಾರೆ, ಅದರಲ್ಲೂ ಭ್ರಮೆಯ ವಿಷಯದಲ್ಲಿ.

ಅದೇ ಅಧ್ಯಯನದಲ್ಲಿ ನಡುಕ ಹೆಚ್ಚಾಯಿತೆಂದು ಹೇಳಿದವರು ಔಷಧದ ಗುಂಪಿನಲ್ಲಿ ಸುಮಾರು ಶೇ 10, ಇನ್ನೊಂದರಲ್ಲಿ ಸುಮಾರು ಶೇ 4. ಮರೆವಿನ ಮಾತ್ರೆ ನಡುಕವನ್ನು ಕೆಣಕುತ್ತದೆ ಎಂಬುದಕ್ಕೆ ಇದು ನೇರ ಸಾಕ್ಷಿ. ಆದರೆ ಬಹುಪಾಲು ಜನರಲ್ಲಿ ಆ ಹೆಚ್ಚಳ ಔಷಧ ನಿಲ್ಲಿಸುವಷ್ಟು ತೊಡಕಾಗುವುದಿಲ್ಲ, ಆದ್ದರಿಂದ ಆ ಭಯದಿಂದ ಔಷಧವನ್ನೇ ಕೊಡದಿರುವುದು ಸರಿಯಲ್ಲ. ನಿಜವಾಗಿ ಕಾಡುವುದು ವಾಕರಿಕೆ, ಭೇದಿ, ಹಸಿವಿಲ್ಲದೆ ತೂಕ ಇಳಿಯುವುದು. ರಿವಾಸ್ಟಿಗ್ಮಿನನ್ನು ಪ್ಯಾಚ್ ರೂಪದಲ್ಲಿ ಕೊಟ್ಟರೆ ಹೊಟ್ಟೆಯ ಉಪದ್ರವ ಕಡಿಮೆ. ಹೃದಯ ಬಡಿತ ಮೊದಲೇ ನಿಧಾನವಾಗಿರುವವರಲ್ಲಿ, ಅದರಲ್ಲೂ ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ತಡೆ ಔಷಧಗಳನ್ನು ತೆಗೆದುಕೊಳ್ಳುತ್ತಿರುವವರಲ್ಲಿ, ಈ ಔಷಧಗಳಿಂದ ಬಡಿತ ಇನ್ನೂ ಕುಸಿದು ಪ್ರಜ್ಞೆ ತಪ್ಪಿ ಬೀಳುವುದುಂಟು. ಬಿದ್ದದ್ದಕ್ಕೆ ಪಾರ್ಕಿನ್ಸನ್ನೇ ಕಾರಣವೆಂದು ಎಲ್ಲರೂ ಒಪ್ಪಿಬಿಡುವುದರಿಂದ ನಾಡಿ ನೋಡುವವರು ಕಡಿಮೆ. ರಾತ್ರಿ ಡೊನೆಪೆಜಿಲ್ ತೆಗೆದುಕೊಂಡು ಭಯಾನಕ ಕನಸುಗಳು ಬೀಳುತ್ತಿದ್ದರೆ ಅದನ್ನು ಬೆಳಗಿನ ಹೊತ್ತಿಗೆ ಬದಲಿಸಿದರೆ ಸಾಕಾಗುತ್ತದೆ. ಅದಕ್ಕೊಂದು ನಿದ್ದೆಯ ಗುಳಿಗೆ ಬೇಕಾಗಿಲ್ಲ.

ಪ್ಯಾಚಿನ ವಿಷಯ ಬಂದದ್ದರಿಂದ ಹೇಳುತ್ತೇನೆ: ಹೊಸದನ್ನು ಅಂಟಿಸುವ ಮೊದಲು ಹಳೆಯದನ್ನು ತೆಗೆಯಲೇಬೇಕು. ಹಳೆಯದರ ಮೇಲೆ ಹೊಸದು ಸೇರುತ್ತಾ ಹೋಗಿ ಪ್ರಾಣಾಪಾಯವಾದ ವರದಿಗಳಿವೆ. ಸ್ವತಃ ರೋಗಿಗೆ ಬೆನ್ನ ಮೇಲಿನ ಪ್ಯಾಚ್ ನೆನಪಿರುವುದಿಲ್ಲ, ನೋಡಿಕೊಳ್ಳುವವರು ಬದಲಾದರೆ ಅವರಿಗೂ ತಿಳಿದಿರುವುದಿಲ್ಲ. ಪ್ಯಾಚಿನ ಮೇಲೆ ದಿನಾಂಕ ಬರೆಯಿರಿ, ಜಾಗವನ್ನು ದಿನವೂ ಬದಲಿಸಿ, ಮೂರು ದಿನಕ್ಕಿಂತ ಹೆಚ್ಚು ತಪ್ಪಿಹೋಗಿದ್ದರೆ ಮೊದಲಿನ ಪ್ರಮಾಣಕ್ಕೆ ನೇರವಾಗಿ ಹೋಗದೆ ವೈದ್ಯರನ್ನು ಕೇಳಿ ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸಿ. ಒಬ್ಬರೇ ರೋಗಿಗೆ ರೊಟಿಗೊಟಿನ್ ಪ್ಯಾಚ್ ಮತ್ತು ರಿವಾಸ್ಟಿಗ್ಮಿನ್ ಪ್ಯಾಚ್ ಎರಡೂ ಇರಬಹುದು. ಯಾವುದು ಯಾವುದೆಂದು ಗುರುತಿರಲಿ.

ಲೆವೊಡೋಪಾ ಮತ್ತು ಡೊನೆಪೆಜಿಲ್ ಒಂದೇ ಡಬ್ಬಿಯಲ್ಲಿ ಅಕ್ಕಪಕ್ಕ ಇದ್ದರೂ ಕಾಲದೊಂದಿಗೆ ಅವುಗಳ ಸಂಬಂಧ ಪೂರ್ಣ ಬೇರೆ. ಡೊನೆಪೆಜಿಲ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 70 ಗಂಟೆ ಬೇಕು. ಒಂದು ದಿನ ನಾಲ್ಕು ಗಂಟೆ ತಡವಾದರೆ ಏನೂ ಆಗುವುದಿಲ್ಲ. ಲೆವೊಡೋಪಾ ನಲವತ್ತು ನಿಮಿಷ ತಡವಾದರೆ ಕೆಲವರು ಕುರ್ಚಿಯಿಂದ ಏಳಲಾರರು, ನುಂಗಲಾರರು. ಎಲ್ಲ ಮಾತ್ರೆಗಳನ್ನೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಗುಂಪು ಮಾಡಿ ಕೊಡುವ ಪದ್ಧತಿ ಡೊನೆಪೆಜಿಲ್‌ಗೆ ಒಗ್ಗುತ್ತದೆ, ಲೆವೊಡೋಪಾಕ್ಕೆ ಒಗ್ಗುವುದಿಲ್ಲ. ಚೀಟಿಯಲ್ಲಿ ಲೆವೊಡೋಪಾದ ಮುಂದೆ 'ದಿನಕ್ಕೆ ನಾಲ್ಕು ಬಾರಿ' ಎಂದಿದ್ದರೆ ಗಡಿಯಾರದ ಹೊತ್ತುಗಳನ್ನೇ ಬರೆಸಿಕೊಳ್ಳಬೇಕು.

ಕಳೆಯುವ ಕೆಲಸ ಎಲ್ಲಿಂದ ಆರಂಭವಾಗಬೇಕು? ನನ್ನ ಕಣ್ಣು ಮೊದಲು ಹೋಗುವುದು ಟ್ರೈಹೆಕ್ಸಿಫೆನಿಡಿಲ್ ಕಡೆಗೆ. ನಡುಕಕ್ಕೆ ಕೊಡುವ ಹಳೆಯ ಔಷಧವಿದು, ಅಸಿಟೈಲ್‌ಕೋಲಿನನ್ನು ತಡೆಯುವುದೇ ಅದರ ಕೆಲಸ. ಐವತ್ತರ ಒಳಗಿನ, ಮನಸ್ಸು ಚುರುಕಾಗಿರುವ ರೋಗಿಗೆ ಅದರಿಂದ ಲಾಭವಿರಬಹುದು; ಎಪ್ಪತ್ತೈದರ ವಯಸ್ಸಿನಲ್ಲಿ, ಡಿಮೆನ್ಷಿಯಾ ಇರುವಾಗ, ಅದು ಗೊಂದಲ, ಭ್ರಮೆ, ಮೂತ್ರ ಕಟ್ಟುವುದು, ಮಲಬದ್ಧತೆ ಎಲ್ಲವನ್ನೂ ಒಟ್ಟಿಗೆ ತರುತ್ತದೆ. ಅದೇ ಚೀಟಿಯಲ್ಲಿ ಡೊನೆಪೆಜಿಲ್ ಕೂಡ ಇದ್ದರೆ ಒಂದೇ ರಾಸಾಯನಿಕವನ್ನು ಒಂದು ಮಾತ್ರೆ ಏರಿಸುತ್ತಿದೆ, ಇನ್ನೊಂದು ತಡೆಯುತ್ತಿದೆ, ರೋಗಿ ಎರಡರ ಅಡ್ಡಪರಿಣಾಮಗಳನ್ನೂ ಹೊರುತ್ತಿದ್ದಾನೆ ಎಂದರ್ಥ. ಅದನ್ನು ಕೆಲವು ವಾರಗಳಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸಿದ ಮೇಲೆ ತಲೆ ತಿಳಿಯಾದವರನ್ನು ನೋಡುವುದು ಈ ವೃತ್ತಿಯ ದೊಡ್ಡ ಸಂತೋಷಗಳಲ್ಲಿ ಒಂದು. ಇದರಂತೆಯೇ ಅಮಾಂಟಡಿನ್ ಮತ್ತು ಮೆಮಾಂಟಿನ್ ಒಟ್ಟಿಗಿದ್ದರೆ ಪ್ರಶ್ನಿಸಬೇಕು, ಏಕೆಂದರೆ ಒಂದು ಪಾರ್ಕಿನ್ಸನ್ನಿಗೆ, ಇನ್ನೊಂದು ಮರೆವಿಗೆ ಎಂದು ಬೇರೆ ಬೇರೆ ಕಡೆಯಿಂದ ಬಂದಿದ್ದರೂ ಎರಡೂ ಮಿದುಳಿನ ಒಂದೇ ಗ್ರಾಹಕವನ್ನು ತಡೆಯುತ್ತವೆ.

ಭ್ರಮೆ ಆರಂಭವಾದಾಗ ಕೂಡ ಹೊಸ ಔಷಧ ಕೊನೆಯ ಹೆಜ್ಜೆಯಾಗಬೇಕು. ಮೂತ್ರದ ಸೋಂಕು, ನಿರ್ಜಲೀಕರಣ, ಇತ್ತೀಚೆಗೆ ಸೇರಿಸಿದ ಮಾತ್ರೆ ಇವುಗಳನ್ನು ಮೊದಲು ಪರೀಕ್ಷಿಸಬೇಕು. ನಂತರ ಇಳಿಸುವ ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲು ಟ್ರೈಹೆಕ್ಸಿಫೆನಿಡಿಲ್‌ನಂಥವು, ಅನಂತರ ಅಮಾಂಟಡಿನ್, ಸೆಲೆಜಿಲಿನ್-ರಸಾಜಿಲಿನ್ ಬಳಗ, ಪ್ರಾಮಿಪೆಕ್ಸೋಲ್ ಬಳಗ, ಆಮೇಲೆ ಎಂಟಕಾಪೋನ್. ಲೆವೊಡೋಪಾವನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತಾರೆ, ಏಕೆಂದರೆ ಚಲನೆಗೆ ಅದು ಕೊಡುವ ಲಾಭಕ್ಕೆ ಹೋಲಿಸಿದರೆ ಮನಸ್ಸಿಗೆ ಮಾಡುವ ಹಾನಿ ಕಡಿಮೆ. ಎಷ್ಟೋ ಬಾರಿ ಈ ಇಳಿಕೆಯ ಅರ್ಧದಲ್ಲೇ ಭ್ರಮೆ ತಗ್ಗುತ್ತದೆ. ಇನ್ನು, ಮೂಲೆಯಲ್ಲಿ ಒಂದು ಮಗು ಕೂತಂತೆ ಕಾಣುತ್ತದೆ, ಆದರೆ ಅದು ನಿಜವಲ್ಲವೆಂದು ನನಗೆ ಗೊತ್ತು ಎಂದು ರೋಗಿ ಶಾಂತವಾಗಿ ಹೇಳುತ್ತಿದ್ದರೆ ಅದಕ್ಕೆ ಯಾವ ಔಷಧವೂ ಬೇಕಾಗಿಲ್ಲ. ಭಯ, ಅನುಮಾನ, ರಾತ್ರಿಯ ಕೂಗಾಟ ಇದ್ದಾಗಷ್ಟೇ ಚಿಕಿತ್ಸೆಯ ಮಾತು.

ಆಗ ಕೊಡಬಾರದ್ದು ಯಾವುದು ಎಂಬುದು ಕೊಡಬೇಕಾದದ್ದಕ್ಕಿಂತ ಮುಖ್ಯ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್ ಇವು ಡೋಪಮೈನ್ ಗ್ರಾಹಕಗಳನ್ನು ತಡೆಯುತ್ತವೆ. ಪಾರ್ಕಿನ್ಸನ್ ರೋಗಿಯನ್ನು ಮರದ ಕೊರಡಿನಂತೆ ಮಾಡಿಬಿಡಬಲ್ಲವು. ಲೂಯಿ ಕಾಯಗಳ ಡಿಮೆನ್ಷಿಯಾದಲ್ಲಿ ಅಪಾಯ ಇನ್ನೂ ತೀವ್ರ. ಇಂಥ ಔಷಧ ಪಡೆದ ಆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತೀವ್ರ ಪ್ರತಿಕ್ರಿಯೆಯಾಗಿ ಮರಣದ ಪ್ರಮಾಣವೂ ಏರಿದ್ದನ್ನು ಬ್ರಿಟನ್ನಿನ ಇಯಾನ್ ಮೆಕ್ಕೀತ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ವರದಿ ಮಾಡಿದರು. ಅಗತ್ಯವೇ ಬಿದ್ದರೆ ಕಡಿಮೆ ಪ್ರಮಾಣದ ಕ್ವೆಟಿಯಾಪಿನ್ ಬಳಸುತ್ತಾರೆ, ಅದರ ಪರವಾದ ಸಾಕ್ಷ್ಯ ಮಾತ್ರ ದುರ್ಬಲ. ಕ್ಲೋಜಪಿನ್‌ನ ಸಾಕ್ಷ್ಯ ಬಲವಾಗಿದೆ, ಆದರೆ ರಕ್ತದ ಬಿಳಿಕಣಗಳ ಎಣಿಕೆಯನ್ನು ಕಟ್ಟುನಿಟ್ಟಾಗಿ ನೋಡುತ್ತಿರಬೇಕು. ಡೋಪಮೈನ್ ಗ್ರಾಹಕಗಳನ್ನು ಮುಟ್ಟದೆ ಸೆರೊಟೋನಿನ್ ಎಂಬ ಬೇರೊಂದು ರಾಸಾಯನಿಕದ ಮೂಲಕ ಕೆಲಸ ಮಾಡುವ ಪಿಮಾವನ್ಸೆರಿನ್‌ಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇಂಥ ಎಲ್ಲ ಮನೋರೋಗ ಔಷಧಗಳೂ ಮರಣದ ಅಪಾಯವನ್ನು ಹೆಚ್ಚಿಸುತ್ತವೆ ಎಂಬ ಎಚ್ಚರಿಕೆ ಅಮೆರಿಕದಲ್ಲಿ ಹೊಸ ಬಗೆಯವುಗಳಿಗೆ 2005ರಿಂದಲೂ ಹ್ಯಾಲೊಪೆರಿಡಾಲ್‌ನಂಥ ಹಳೆಯವುಗಳಿಗೆ 2008ರಿಂದಲೂ ಜಾರಿಯಲ್ಲಿದೆ, ಆದ್ದರಿಂದ ಯಾವುದನ್ನೇ ಆರಂಭಿಸಿದರೂ ಎಂದು ನಿಲ್ಲಿಸುವುದೆಂಬ ಮಾತು ಅಂದೇ ಆಗಬೇಕು.

ಇಷ್ಟೆಲ್ಲ ಎರಡು ಕಾಯಿಲೆಗಳ ಸ್ವಂತ ಔಷಧಗಳ ಮಾತಾಯಿತು. ನಾನು ಕಂಡಂತೆ ಹೆಚ್ಚಿನ ಹಾನಿಯಾಗುವುದು ಇವುಗಳಿಂದಲ್ಲ. ಯಾರೂ ಗಮನಿಸದ ಸಣ್ಣಪುಟ್ಟ ಮಾತ್ರೆಗಳಿಂದ. ವಾಂತಿಗೆಂದು ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್ ಮಿದುಳಿನ ಡೋಪಮೈನನ್ನು ತಡೆಯುತ್ತವೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್ ಕೂಡ ಹಾಗೆಯೇ, ಇವನ್ನು ತಿಂಗಳುಗಟ್ಟಲೆ ನುಂಗಿದವರಿಗೆ ಕಾಯಿಲೆಯೇ ಇಲ್ಲದೆ ಪಾರ್ಕಿನ್ಸನ್ ಲಕ್ಷಣಗಳು ಬರಬಹುದು. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೆಟೊಕ್ಲೊಪ್ರಮೈಡ್ ತೆಗೆದುಕೊಳ್ಳುತ್ತಿದ್ದ ಹಿರಿಯರಿಗೆ ಹೊಸದಾಗಿ ಲೆವೊಡೋಪಾ ಬರೆದುಕೊಡುವ ಸಾಧ್ಯತೆ ಉಳಿದವರಿಗಿಂತ ಸುಮಾರು 3 ಪಟ್ಟು ಹೆಚ್ಚಿತ್ತೆಂದು ತೋರಿಸಿತು. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಇನ್ನೊಂದು ಮಾತ್ರೆ ಕೊಡುವ ಈ ಸರಣಿಗೆ ಡಿಮೆನ್ಷಿಯಾದಲ್ಲಿಯೂ ಜೋಡಿಯಿದೆ. ಡೊನೆಪೆಜಿಲ್ ಕೆಲವರಲ್ಲಿ ಮೂತ್ರದ ಅವಸರವನ್ನು ತರುತ್ತದೆ, ಅದಕ್ಕೆ ಆಕ್ಸಿಬ್ಯುಟಿನಿನ್ ಬರೆಯುತ್ತಾರೆ, ಆಕ್ಸಿಬ್ಯುಟಿನಿನ್ ಅಸಿಟೈಲ್‌ಕೋಲಿನನ್ನು ತಡೆದು ಮರೆವನ್ನು ಹೆಚ್ಚಿಸುತ್ತದೆ, ಮರೆವು ಹೆಚ್ಚಿತೆಂದು ಡೊನೆಪೆಜಿಲ್ ಪ್ರಮಾಣ ಏರುತ್ತದೆ.

ಬದಲಿಗಳು ಇಲ್ಲದಿಲ್ಲ. ವಾಂತಿಗೆ ಡೊಂಪೆರಿಡೋನ್ ಮಿದುಳಿಗೆ ಅಷ್ಟಾಗಿ ದಾಟುವುದಿಲ್ಲ, ಆದರೆ ಅದು ಹೃದಯದ ಲಯವನ್ನು ಕೆಡಿಸಬಹುದಾದ್ದರಿಂದ ಯುರೋಪಿನ ನಿಯಂತ್ರಕರು 2014ರಲ್ಲಿ ಅದರ ಬಳಕೆಯನ್ನು ಕಡಿಮೆ ಪ್ರಮಾಣಕ್ಕೂ ಕಡಿಮೆ ಅವಧಿಗೂ ಸೀಮಿತಗೊಳಿಸಿದರು. ಮೂತ್ರದ ಅವಸರಕ್ಕೆ ಮಿರಾಬೆಗ್ರಾನ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ಶೀತಕ್ಕೋ ತುರಿಕೆಗೋ ಚೀಟಿಯಿಲ್ಲದೆ ಕೊಳ್ಳುವ, ತೂಕಡಿಕೆ ಬರಿಸುವ ಅಲರ್ಜಿ ಮಾತ್ರೆಗಳು ಈ ರೋಗಿಗಳಿಗೆ ಬೇಡವೇ ಬೇಡ. ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. 1937ರಲ್ಲಿಯೇ ಅದನ್ನು ಬೇರ್ಪಡಿಸಿ ತೋರಿಸಿದ್ದಾರೆ. ಆದರೆ ಅದರ ಪುಡಿಯಲ್ಲಿ ಎಷ್ಟಿದೆಯೆಂಬುದು ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಗುತ್ತದೆ ಮತ್ತು ಕಾರ್ಬಿಡೋಪಾ ಅದರಲ್ಲಿಲ್ಲ. ವೈದ್ಯರಿಗೆ ಹೇಳದೆ ಮಾತ್ರೆಯ ಜೊತೆ ಅದನ್ನೂ ಸೇವಿಸುವವರ ಆನ್-ಆಫ್ ಲೆಕ್ಕ ಯಾರಿಗೂ ಬಗೆಹರಿಯುವುದಿಲ್ಲ.

ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದಾಗ ಅಪಾಯ ಹೆಚ್ಚು. ಶಸ್ತ್ರಚಿಕಿತ್ಸೆಗೆ ಮುನ್ನ ಬಾಯಿಗೆ ಏನೂ ಕೊಡಬಾರದೆಂದಾಗ ಲೆವೊಡೋಪಾವೂ ನಿಂತುಬಿಡುತ್ತದೆ. ಹಠಾತ್ತನೆ ನಿಂತರೆ ತೀವ್ರ ಬಿಗಿತ, ಜ್ವರ, ಪ್ರಜ್ಞೆ ಮಸುಕಾಗುವುದು ಸೇರಿ ಪ್ರಾಣಕ್ಕೇ ಕುತ್ತು ಬರಬಹುದು. ಒಂದು ಗುಟುಕು ನೀರಿನೊಡನೆ ಮಾತ್ರೆ ಕೊಡಬಹುದೇ, ಮೂಗಿನ ನಳಿಕೆಯಿಂದ ಕೊಡಬೇಕೇ, ತಾತ್ಕಾಲಿಕವಾಗಿ ರೊಟಿಗೊಟಿನ್ ಪ್ಯಾಚ್ ಹಚ್ಚಬೇಕೇ ಎಂಬುದನ್ನು ಮೊದಲೇ ನಿರ್ಧರಿಸಬೇಕು; ಡಿಮೆನ್ಷಿಯಾ ಇರುವವರಲ್ಲಿ ಪ್ಯಾಚ್ ಸನ್ನಿಯನ್ನು ಕೆರಳಿಸಬಹುದು ಎಂಬುದನ್ನೂ ನೆನಪಿಡಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿಮಾಡಿ ನಳಿಕೆಗೆ ಹಾಕಬಾರದು. ಸೆಲೆಜಿಲಿನ್ ಅಥವಾ ರಸಾಜಿಲಿನ್ ತೆಗೆದುಕೊಳ್ಳುವವರಿಗೆ ನೋವಿಗೆಂದು ಪೆಥಿಡಿನ್ ಅಥವಾ ಟ್ರಮಡಾಲ್ ಕೊಡಬಾರದು. ರಾತ್ರಿ ಗಲಾಟೆ ಮಾಡಿದರೆ ಹ್ಯಾಲೊಪೆರಿಡಾಲ್ ಚುಚ್ಚುವುದು ಎಷ್ಟೋ ಕಡೆ ರೂಢಿಯಾಗಿರುವುದರಿಂದ, ಕೊಡಬಾರದ ಔಷಧಗಳ ಒಂದು ಹಾಳೆಯನ್ನು ಬರೆದು ರೋಗಿಯ ಕಡತದ ಮೊದಲ ಪುಟದಲ್ಲಿಯೇ ಇರಿಸಲು ಮನೆಯವರಿಗೆ ಹೇಳುತ್ತೇನೆ.

ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಹೊಸ ಔಷಧಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವು ಆಲ್‌ಝೈಮರ್ ಕಾಯಿಲೆಯ ಆರಂಭದ ಹಂತಕ್ಕೆ, ಅಮಿಲಾಯ್ಡ್ ಎಂಬ ಪ್ರೋಟೀನ್ ಮಿದುಳಿನಲ್ಲಿ ಇದೆಯೆಂದು ಪರೀಕ್ಷೆಯಿಂದ ಖಚಿತವಾದವರಿಗೆ ಮಾತ್ರ. ಲೆಕಾನೆಮ್ಯಾಬ್ ಅಧ್ಯಯನದಲ್ಲಿ 18 ತಿಂಗಳ ಕೊನೆಗೆ ಎರಡು ಗುಂಪುಗಳ ನಡುವೆ ಕಂಡ ಅಂತರ ಕಾಯಿಲೆಯ ತೀವ್ರತೆ ಅಳೆಯುವ 18 ಅಂಕಗಳ ಮಾಪಕದಲ್ಲಿ ಕೇವಲ 0.45, ಮಿದುಳಿನ ಊತ ಮತ್ತು ರಕ್ತಸ್ರಾವದ ಅಪಾಯವಿರುವುದರಿಂದ ಪದೇ ಪದೇ ಸ್ಕ್ಯಾನ್ ಮಾಡಬೇಕು. ಪಾರ್ಕಿನ್ಸನ್ ಡಿಮೆನ್ಷಿಯಾಕ್ಕೆ ಅವುಗಳಿಗೆ ಅನುಮತಿಯಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ಇಲ್ಲಿ ಏನಿಲ್ಲ.

ಕಾಯಿಲೆ ಬಹಳ ಮುಂದುವರಿದ ಮೇಲೆ ಮರೆವಿನ ಮಾತ್ರೆಯನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ಬ್ರಿಟನ್ನಿನಲ್ಲಿ 295 ಆಲ್‌ಝೈಮರ್ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಡಾಮಿನೋ ಅಧ್ಯಯನದಲ್ಲಿ, ಮಧ್ಯಮದಿಂದ ತೀವ್ರ ಹಂತದಲ್ಲಿಯೂ ಡೊನೆಪೆಜಿಲ್ ನಿಲ್ಲಿಸಿದವರಿಗಿಂತ ಮುಂದುವರಿಸಿದವರ ಸ್ಥಿತಿ ಸ್ವಲ್ಪ ಉತ್ತಮವಾಗಿತ್ತು. ಪಾರ್ಕಿನ್ಸನ್ ಡಿಮೆನ್ಷಿಯಾದಲ್ಲಿ ಹಠಾತ್ತನೆ ನಿಲ್ಲಿಸಿದರೆ ಭ್ರಮೆ ಮತ್ತು ಗೊಂದಲ ಮರುಕಳಿಸುವುದನ್ನು ವೈದ್ಯರು ಕಂಡಿದ್ದಾರೆ. ಆದ್ದರಿಂದ ರೋಗಿ ಹಾಸಿಗೆ ಹಿಡಿದಿದ್ದಾರೆ ಎಂಬ ಒಂದೇ ಕಾರಣಕ್ಕೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ತೂಕ ಇಳಿಯುತ್ತಿದ್ದರೆ, ನಾಡಿ ನಿಧಾನವಾಗಿದ್ದರೆ, ಊಟವೇ ಸೇರದಿದ್ದರೆ ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನೋಡಬೇಕು. ಆ ಅವಧಿಯಲ್ಲಿ ಬೇರೆ ಯಾವ ಮಾತ್ರೆಯನ್ನೂ ಬದಲಿಸಬಾರದು, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಪ್ರಮಾಣ ಇಳಿದಾಗ ಸ್ಥಿತಿ ಸ್ಪಷ್ಟವಾಗಿ ಕೆಟ್ಟರೆ ಬೇಗನೆ ಹಿಂದಿನ ಪ್ರಮಾಣಕ್ಕೆ ಮರಳಬೇಕು, ಏಕೆಂದರೆ ತಡವಾದಷ್ಟೂ ಕಳೆದುಕೊಂಡದ್ದನ್ನು ಮತ್ತೆ ಪಡೆಯುವುದು ಕಷ್ಟವಾಗುತ್ತದೆ.